ಒಂದೇ ಹೆಸರಿನ ನಾಲ್ವರಿಗೆ ಒಂದೇ ಶಾಲು

ನನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗುಟ್ಟೇನೂ ಇಲ್ಲ. ಬರೆದರೆ ಮತ್ತೆ ಫೋನುಗಳು ಶುರುವಾಗುತ್ತವೆ, ಅಷ್ಟೇ. ನಾನು ಓದುತ್ತಿದ್ದ ಕಾಲದಲ್ಲಿ ತರಗತಿಗೆ ಇಬ್ಬರಾದರೂ ಇರುತ್ತಿದ್ದ ಹೆಸರು ಅದು. ಟೀಚರು ಹಾಜರಿ ಕೂಗಿದರೆ ಎರಡು ಮೂಲೆಗಳಿಂದ "ಪ್ರೆಸೆಂಟ್ ಮಿಸ್" ಎಂದು ಕೇಳಿಸುತ್ತಿತ್ತು. ಹಾಗಾಗಿ ಅದು ನನ್ನೊಬ್ಬಳ ಸ್ವತ್ತು ಎಂಬ ಭ್ರಮೆ ನನಗೆ ಎಂದೂ ಇರಲಿಲ್ಲ. ಆದರೆ ಯಲಹಂಕದ ಆಸುಪಾಸಿನಲ್ಲೇ ಆ ಹೆಸರಿನಲ್ಲಿ ಹೆಸರು ಮಾಡಿದವರು ನನ್ನನ್ನೂ ಸೇರಿಸಿ ನಾಲ್ಕು ಜನ ಇದ್ದಾರೆ ಎಂದು ತಿಳಿದದ್ದು ಇತ್ತೀಚೆಗೆ. ತಿಳಿಸಿಕೊಟ್ಟದ್ದು ಒಂದು ಹಾವು.

"ನನ್ನನ್ನೂ ಸೇರಿಸಿ" ಎಂದು ಬರೆಯುವಾಗ ಸ್ವಲ್ಪ ಸಂಕೋಚವಾಗುತ್ತದೆ. ನಾನು ಮಕ್ಕಳಿಗೆ ಕಥೆ ಬರೆಯುವವಳು. ಮಕ್ಕಳು ನನ್ನ ಪುಸ್ತಕ ಓದುತ್ತಾರೆ, ಅವರ ಅಮ್ಮಂದಿರು "ಚಿತ್ರಗಳು ತುಂಬಾ ಚೆನ್ನಾಗಿವೆ ಮೇಡಂ" ಎನ್ನುತ್ತಾರೆ. ಚಿತ್ರ ಬರೆಯುವವರು ಬೇರೆಯವರು. ನನ್ನ ಕೀರ್ತಿ ಅಷ್ಟೇ. ಉಪನಗರದ ನಮ್ಮ ಮನೆಯಲ್ಲಿ ನಾನು, ನನ್ನ ಯಜಮಾನರು ಇಬ್ಬರೇ. ಅವರು ನಿವೃತ್ತರು, ಅಂದರೆ ನನ್ನ ಫೋನು ಬಂದರೆ ನನಗಿಂತ ಮೊದಲು ಎತ್ತುವಷ್ಟು ಬಿಡುವಾಗಿದ್ದಾರೆ.

ಆ ದಿನ ಬೆಳಿಗ್ಗೆ ಅವರು ವಾಕಿಂಗ್ ಹೋಗಿದ್ದರು, ಫೋನು ನಾನೇ ಎತ್ತಿದೆ. ಒಬ್ಬ ಗಂಡಸು ನನ್ನ ಹೆಸರು ಹೇಳಿ, "ಅವರೇನಾ ಮಾತಾಡ್ತಿರೋದು?" ಎಂದರು. ಹೌದು ಎಂದೆ.

"ಬೇಗ ಬನ್ನಿ ಮೇಡಂ. ವಾಷಿಂಗ್ ಮೆಷಿನ್ ಹಿಂದೆ ಹಾವಿದೆ."

ಕಥೆ ಬರೆಯುವವರಿಗೆ ಬರುವ ಫೋನುಗಳು ಸಾಮಾನ್ಯವಾಗಿ ಹೀಗೆ ಶುರುವಾಗುವುದಿಲ್ಲ. ಯಾವುದೋ ಶಾಲೆಯವರು ಮಕ್ಕಳಿಂದ ನಾಟಕ ಆಡಿಸುತ್ತಿರಬೇಕು ಎಂದುಕೊಂಡು, "ಎಷ್ಟನೇ ಕ್ಲಾಸಿನವರಿಗೆ?" ಎಂದು ಕೇಳಿದೆ.

"ಮೇಡಂ, ನಿಜವಾದ ಹಾವು! ಹೆಬ್ಬಾಳದಲ್ಲಿ, ನಮ್ಮ ಫ್ಲಾಟಲ್ಲಿ! ನೀವು ಹಾವು ಹಿಡಿಯೋರು ಅಂತ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ನಂಬರ್ ಹಾಕಿದಾರೆ."

ನಾನು ಅಂಥವಳಲ್ಲ ಎಂದೆ. ಅವರು ನಂಬಲಿಲ್ಲ. ನಾನು ಬೇರೆ ಯಾವುದೋ ದೊಡ್ಡ ಹಾವಿನ ಹಿಂದೆ ಹೋಗುವ ಅವಸರದಲ್ಲಿದ್ದೇನೆ, ಅದಕ್ಕೇ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದೇ ತಿಳಿದರು. "ಪ್ಲೀಸ್ ಮೇಡಂ, ಫೋನ್ ಇಡಬೇಡಿ. ಮನೇಲಿ ನಾನೊಬ್ಬನೇ ಇದೀನಿ" ಎಂದಾಗ ಆ ದನಿ ಕೇಳಿ ನನಗೆ ಪಾಪ ಅನ್ನಿಸಿತು. ಕತ್ತಲಿಗೆ ಹೆದರುವ ಮಕ್ಕಳನ್ನು ಸಮಾಧಾನ ಮಾಡುವ ಕಥೆಗಳನ್ನು ಬೇಕಾದಷ್ಟು ಬರೆದಿದ್ದೇನೆ. ಅದೇ ದನಿ ತೆಗೆದೆ. "ಹೆದರಬೇಡಿ. ನಿಧಾನವಾಗಿ ಹೊರಗೆ ಬನ್ನಿ. ಬಾಗಿಲು ಹಾಕಿ. ಕೆಳಗಿನ ಸಂದಿಗೆ ಟವೆಲ್ ತುರುಕಿ. ಈಗ ಕೂತ್ಕೊಳ್ಳಿ. ನೀರು ಕುಡಿದ್ರಾ?" ಎಂದೆ. ಕುಡಿದರು. ಆಮೇಲೆ ಅವರು ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರನ್ನು ಕರೆಸಿ ಬಾಗಿಲು ತೆಗೆಸಿ ನೋಡಿದರೆ ಹಾವಿಲ್ಲ. ಬಚ್ಚಲ ಕಿಂಡಿಯಿಂದ ಹೋಗಿತ್ತೋ, ಮೊದಲೇ ಇರಲಿಲ್ಲವೋ, ಆ ಹಾವಿಗೇ ಗೊತ್ತು.

ಆ ಮಹಾನುಭಾವರು ಗ್ರೂಪಿನಲ್ಲಿ ಹಾಕಿದರು: "ಅದ್ಭುತ ಸೇವೆ. ಮನೆಗೆ ಬರದೆ ಫೋನಿನಲ್ಲೇ ಹಾವು ಓಡಿಸಿದರು."

ಅಲ್ಲಿಂದ ನನಗೆ ನೆಮ್ಮದಿ ಇಲ್ಲದಂತಾಯಿತು. ಆರ್.ಟಿ. ನಗರದಿಂದ ಕರೆ, ಯಶವಂತಪುರದಿಂದ ಕರೆ. ಒಬ್ಬರಂತೂ ಫೋನನ್ನು ಸ್ಪೀಕರಿಗೆ ಹಾಕಿ ಪೊದೆಯ ಕಡೆ ಹಿಡಿದು, "ಹೇಳಿ ಮೇಡಂ, ಕೇಳಿಸ್ಕೊಳ್ತಿದೆ" ಎಂದರು.

ನಾಲ್ಕು ದಿನ ಕಳೆಯುವಷ್ಟರಲ್ಲಿ ಹಾವಿನವರ ಜೊತೆಗೆ ಬೇರೆಯವರೂ ಸೇರಿಕೊಂಡರು. ಗೃಹಪ್ರವೇಶಕ್ಕೆ ಒಬ್ಬಟ್ಟು ಬೇಕು ಎಂದು ಒಬ್ಬರು ಕೇಳಿದರು, ಕಾಯಿ ಅರ್ಧ ಬೇಳೆ ಅರ್ಧ. ಇನ್ನೊಬ್ಬರು ನೇರ ಗೇಟಿನ ಹತ್ತಿರವೇ ಬಂದು ನಿಂತರು. ಅವರ ಬೀದಿಯಲ್ಲಿ ಚರಂಡಿ ಕಟ್ಟಿಕೊಂಡಿತ್ತಂತೆ. ನನಗೂ ಚರಂಡಿಗೂ ಸಂಬಂಧವಿಲ್ಲ ಎಂದು ಹೇಳಿದ್ದಕ್ಕೆ, "ಎಲೆಕ್ಷನ್ ಆಗೋಕೆ ಮುಂಚೇನೇ ಹಿಂಗಂದ್ರೆ, ಗೆದ್ದ ಮೇಲೆ ಇನ್ನು ಹೆಂಗೋ!" ಎಂದು ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ ಹೇಳಿ ಹೋದರು.

ನಮ್ಮ ಯಜಮಾನರಿಗೆ ಇದರಿಂದ ಹೊಸ ಹುರುಪು ಬಂತು. ನನ್ನ ಫೋನು ಬಡಿದುಕೊಂಡರೆ ಓಡಿ ಬಂದು ಎತ್ತಿ, "ನಮಸ್ಕಾರ. ಹಾವೋ, ಒಬ್ಬಟ್ಟೋ, ಚರಂಡಿಯೋ?" ಎಂದು ಕೇಳತೊಡಗಿದರು. ನನ್ನ ಪ್ರಕಾಶಕರೂ ಒಂದು ಸಲ ಈ ಪ್ರಶ್ನೆಗೆ ಸಿಕ್ಕಿಕೊಂಡರು. ಅವರು ಸ್ವಲ್ಪ ಹೊತ್ತು ಯೋಚಿಸಿ "ಕಥೆ" ಎಂದರಂತೆ. "ಆ ವಿಭಾಗ ಇವತ್ತು ರಜೆ" ಎಂದು ಇವರು ಫೋನ್ ಇಟ್ಟಿದ್ದರು.

ಮಿಕ್ಕ ಮೂವರ ಪೈಕಿ ನನಗೆ ಮೊದಲು ಸಿಕ್ಕಿದವರು ಹಾವು ಹಿಡಿಯುವವರು. ಅಬ್ಬಿಗೆರೆಯವರು. ನನಗಿಂತ ಬಹಳ ಚಿಕ್ಕವರು. ಶಾಲಾ ವ್ಯಾನು ಓಡಿಸುವುದು ಅವರ ಕೆಲಸ, ಬಿಡುವಿನಲ್ಲಿ ಹಾವು ಹಿಡಿದು ಊರಾಚೆ ಬಿಟ್ಟು ಬರುತ್ತಾರೆ. ವಯಸ್ಸಿನ ಭೇದವಿಲ್ಲದೆ ಜನ ಅವರನ್ನು ಹಾವಕ್ಕ ಎನ್ನುತ್ತಾರೆ. ಒಂದು ಮಧ್ಯಾಹ್ನ ಹೇಗೋ ನನ್ನ ಮನೆ ಪತ್ತೆ ಮಾಡಿಕೊಂಡು, ಸ್ಕೂಟರಿನಲ್ಲಿ ಕೊಕ್ಕೆ ಕೋಲು ಸಿಕ್ಕಿಸಿಕೊಂಡು ಬಂದರು.

"ಮೇಡಂ, ನಿಮ್ಮಿಂದ ನಂಗೆ ಮಾನ ಹೋಗೋ ಹಂಗಾಗಿದೆ" ಎಂದು ನಗುತ್ತಲೇ ಶುರು ಮಾಡಿದರು. "ನಾನು ಹೋಗಿ, ಹುಡುಕಿ, ಮೈಯೆಲ್ಲಾ ಬೆವರಿಳಿಸ್ಕೊಂಡು ಹಿಡಿದ್ರೆ, 'ಅದ್ಯಾಕೆ ಇಷ್ಟು ಕಷ್ಟ ಪಡ್ತೀರಾ, ಇನ್ನೊಬ್ರು ಫೋನಲ್ಲೇ ಓಡಿಸ್ತಾರೆ' ಅಂತಾರೆ."

ನಾನು ಕ್ಷಮೆ ಕೇಳಿ ಕಾಫಿ ಕೊಟ್ಟೆ. ಆಗ ಅವರು ತಮ್ಮ ಕಡೆಯ ಲೆಕ್ಕವನ್ನೂ ಬಿಚ್ಚಿದರು. ಯಾವುದೋ ಶಾಲೆಯವರು ಕಥೆ ಬರೆಯುವುದು ಹೇಗೆ ಎಂದು ಮಕ್ಕಳಿಗೆ ಹೇಳಲು ನನ್ನನ್ನು ಕರೆಯಲು ಹೋಗಿ ಅವರನ್ನು ಕರೆದಿದ್ದರಂತೆ. ಹಾವಿನ ಬಗ್ಗೆ ಮಾತಾಡಬೇಕೇನೋ ಎಂದುಕೊಂಡು ಹೋಗಿದ್ದಾರೆ. ವೇದಿಕೆ ಮೇಲೆ ಬ್ಯಾನರ್ ನೋಡಿದ ಮೇಲೆ ವಿಷಯ ಗೊತ್ತಾಗಿದೆ.

"ಮತ್ತೆ ಏನು ಮಾಡಿದ್ರಿ?"

"ಏನ್ ಮಾಡೋದು? ಕಥೆ ಬರೆಯೋದು ಹಾವು ಹಿಡಿದಂಗೆ ಮಕ್ಕಳೇ, ಬಾಲದಿಂದ ಶುರು ಮಾಡ್ಬೇಕು ಅಂದೆ. ಎಲ್ರೂ ಬರ್ಕೊಂಡ್ರು."

ಅದೇ ಶಾಲೆಯವರು ಆಮೇಲೆ ಒಂದು ದಿನ ಸರಿಯಾದ ನಂಬರು ಹುಡುಕಿ ನನ್ನನ್ನೇ ಕರೆದರು. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಗೆ "ಪ್ರಶ್ನೆ ಇದ್ದರೆ ಕೇಳಿ" ಎಂದಾಗ ಒಂದು ಪುಟ್ಟ ಹುಡುಗಿ ಎದ್ದು ನಿಂತು, "ಅವತ್ತು ಬಂದಿದ್ದ ಒರಿಜಿನಲ್ ಆಂಟಿ ಯಾವಾಗ ಬರ್ತಾರೆ?" ಎಂದು ಕೇಳಿದಳು.

ನವೆಂಬರಿನಲ್ಲಿ ನಮ್ಮ ಕಡೆ ಬೀದಿಗೊಂದು ರಾಜ್ಯೋತ್ಸವ. ಒಂದು ಬಡಾವಣೆಯ ಕನ್ನಡ ಸಂಘದವರಿಂದ ನನಗೊಂದು ಆಹ್ವಾನ ಪತ್ರಿಕೆ ಬಂತು. ಹಳದಿ ಕೆಂಪು ಬಣ್ಣ, ಮಧ್ಯದಲ್ಲಿ ದಪ್ಪಕ್ಷರದಲ್ಲಿ ನನ್ನ ಹೆಸರು, ಕೆಳಗೆ "ಇವರಿಗೆ ಸನ್ಮಾನ". ನನ್ನ ಯಜಮಾನರು ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದರು. ನಾನು ಬೇಡ ಎನ್ನುತ್ತಲೇ ಹೋಗುತ್ತ ಬರುತ್ತ ನೋಡಿಕೊಂಡೆ. ಆ ಸಂಘದ ಸಭೆಯಲ್ಲಿ ನಡೆದದ್ದು ಏನು ಎಂದು ಆಮೇಲೆ ತಿಳಿಯಿತು. ಈ ಸಲ ಯಾರನ್ನು ಸನ್ಮಾನಿಸೋಣ ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ. ಯಾರೋ ಒಬ್ಬರು ನಮ್ಮ ಹೆಸರು ಹೇಳಿದ್ದಾರೆ. ಎಲ್ಲರೂ "ಆಹಾ, ತಕ್ಕವರು" ಎಂದಿದ್ದಾರೆ. ಆ ಸಂಘದ ಇತಿಹಾಸದಲ್ಲೇ ಜಗಳವಿಲ್ಲದೆ ಆದ ಮೊದಲ ತೀರ್ಮಾನ ಅದಂತೆ. ಪ್ರತಿಯೊಬ್ಬರ ಮನಸ್ಸಿನಲ್ಲೂ ಇದ್ದದ್ದು ಬೇರೆ ಬೇರೆಯವರು. ಆಮೇಲೆ "ನಾನೇ ಹೋಗಿ ಕರೀತೀನಿ, ನಂಗೆ ಚೆನ್ನಾಗಿ ಪರಿಚಯ" ಎಂದು ನಾಲ್ಕು ಜನ ನಾಲ್ಕು ಕಡೆ ಹೋಗಿ ನಾಲ್ವರಿಗೂ ಪತ್ರಿಕೆ ಕೊಟ್ಟು ಬಂದಿದ್ದಾರೆ.

ಭಾನುವಾರ ಬೆಳಿಗ್ಗೆ ನಾನು ರೇಷ್ಮೆ ಸೀರೆ ಉಟ್ಟು ಹೋದೆ. ಸಮುದಾಯ ಭವನದ ಬಾಗಿಲಲ್ಲಿ ಬಾಳೆಕಂದು, ಮಾವಿನ ತೋರಣ. ಮೊದಲ ಸಾಲಿನಲ್ಲಿ ಕೂರಿಸಿದರು. ಪಕ್ಕಕ್ಕೆ ನೋಡಿದರೆ ಹಾವಕ್ಕ, ಅವರೂ ರೇಷ್ಮೆ ಸೀರೆ. ನನ್ನ ಸನ್ಮಾನ ನೋಡಲು ಬಂದಿದ್ದಾರೆ ಎಂದು ನನಗೆ ಕಣ್ಣು ತುಂಬಿ ಬಂತು. ಅವರಿಗೂ ನನ್ನ ಬಗ್ಗೆ ಅದೇ ಭಾವನೆ ಬಂದಿತ್ತಂತೆ.

ಅವರ ಆಚೆಗೆ ವಯಸ್ಸಾದ ಒಬ್ಬರು ದೊಡ್ಡ ಸ್ಟೀಲ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಯಲಹಂಕದ ಹಳೇ ಊರಿನವರು, ಅವರ ಒಬ್ಬಟ್ಟಿಲ್ಲದೆ ಆ ಭಾಗದಲ್ಲಿ ಮದುವೆ ಮುಂಜಿ ನಡೆಯುವುದಿಲ್ಲ. ಸನ್ಮಾನಕ್ಕೆ ಬರಿಗೈಯಲ್ಲಿ ಬರುವುದು ಹೇಗೆ ಎಂದು ಡಬ್ಬಿ ತುಂಬ ತಂದಿದ್ದರು. ಕೊನೆಯಲ್ಲಿ, ಕಾರ್ಯಕ್ರಮ ಶುರುವಾದ ಮೇಲೆ, ಹಿಂದೆ ನಾಲ್ಕಾರು ಜನರನ್ನು ಇಟ್ಟುಕೊಂಡು ಕೈಮುಗಿಯುತ್ತ ಬಂದವರನ್ನು ಪರಿಚಯಿಸುವ ಅಗತ್ಯವೇ ಇರಲಿಲ್ಲ. ಬಾಗಲೂರು ರಸ್ತೆಯಲ್ಲಿ ಹಬ್ಬ ಯಾವುದೇ ಇರಲಿ, ಶುಭ ಕೋರುವ ಫ್ಲೆಕ್ಸಿನಲ್ಲಿ ಇರುವ ಮುಖ ಅವರದೇ. ಹಳೆಯ ರೈತ ಮನೆತನ, ಈಗ ಕಟ್ಟಡಗಳ ಒಡತಿ. ಕಾರ್ಪೊರೇಟರ್ ಆಗುವ ಆಸೆ ಇಟ್ಟುಕೊಂಡು ಎಷ್ಟೋ ಕಾಲದಿಂದ ಕಾಯುತ್ತಿದ್ದಾರೆ, ಎಲೆಕ್ಷನ್ನೇ ಬರುತ್ತಿಲ್ಲ. ಜನರಿಗೆ ಅವರು ಫ್ಲೆಕ್ಸ್ ಅಕ್ಕ.

ನಿರೂಪಕಿ ಒಬ್ಬ ಕಾಲೇಜು ಹುಡುಗಿ. ಸನ್ಮಾನಿತರ ಪರಿಚಯವನ್ನು ಓದತೊಡಗಿದಳು. ನಾಲ್ಕು ಜನ ಕಳಿಸಿದ ವಿವರಗಳನ್ನು ಕಾರ್ಯದರ್ಶಿಗಳು ಒಬ್ಬರದೇ ಎಂದು ತಿಳಿದು ಒಟ್ಟು ಮಾಡಿದ್ದರು.

"ಬಾಗಲೂರಿನ ಪ್ರತಿಷ್ಠಿತ ರೈತ ಕುಟುಂಬದಲ್ಲಿ ಜನಿಸಿ, ಹಾವುಗಳ ನಡುವೆಯೇ ಬೆಳೆದು, ಶಾಲಾ ವಾಹನ ಚಲಾಯಿಸುತ್ತಲೇ ಮಕ್ಕಳಿಗಾಗಿ ಅನೇಕ ಕೃತಿಗಳನ್ನು ರಚಿಸಿ..."

ಫ್ಲೆಕ್ಸ್ ಅಕ್ಕ ಅರ್ಧ ಎದ್ದವರು ಮತ್ತೆ ಕೂತರು. ಹಾವಕ್ಕ ಎದ್ದರು, ಕೂತರು. ನಾನೂ ಎದ್ದು ಕೂತೆ.

"...ಕಾಯಿ ಮತ್ತು ಬೇಳೆ ಎಂಬ ಎರಡೂ ಪ್ರಕಾರಗಳಲ್ಲಿ ಸಮಾನ ಪ್ರಭುತ್ವ ಸಾಧಿಸಿ, ಮುಂಬರುವ ಚುನಾವಣೆಯಲ್ಲಿ ಜನಸೇವೆಗೆ ಸಿದ್ಧರಾಗಿರುವ..." ಎಂದು ಹೇಳಿ ಅವಳು ನಮ್ಮ ಹೆಸರನ್ನು ಕೂಗಿದಳು. "ಜೋರಾದ ಚಪ್ಪಾಳೆಯೊಂದಿಗೆ ಬರಮಾಡಿಕೊಳ್ಳೋಣ."

ನಾಲ್ವರೂ ಎದ್ದು ನಿಂತೆವು. ಚಪ್ಪಾಳೆ ಜೋರಾಗಿ ಶುರುವಾಗಿ, ನಮ್ಮನ್ನು ನೋಡಿ, ಮಧ್ಯದಲ್ಲಿ ಎಲ್ಲೋ ದಾರಿ ತಪ್ಪಿತು.

ವೇದಿಕೆ ಮೇಲೆ ಅಲಂಕಾರ ಮಾಡಿದ ಕುರ್ಚಿ ಒಂದು, ಪೇಟ ಒಂದು, ಶಾಲು ಒಂದು, ಹಣ್ಣಿನ ಬುಟ್ಟಿ ಒಂದು. ಕಾರ್ಯದರ್ಶಿಗಳು ಖಜಾಂಚಿಯ ಕಿವಿಯಲ್ಲಿ ಏನೋ ಹೇಳಿದರು, ಖಜಾಂಚಿ ಅಧ್ಯಕ್ಷರ ಕಿವಿಯಲ್ಲಿ ಹೇಳಿದರು, ಅಧ್ಯಕ್ಷರು ಕಿವಿ ಕೇಳಿಸದವರಂತೆ ಮೈಕಿನ ಮುಂದೆ ನಿಂತು "ಜೈ ಭುವನೇಶ್ವರಿ" ಎಂದರು. ಅಷ್ಟರಲ್ಲಿ ಫ್ಲೆಕ್ಸ್ ಅಕ್ಕ ಪರಿಸ್ಥಿತಿಯನ್ನು ಕೈಗೆ ತೆಗೆದುಕೊಂಡರು.

"ಏನ್ರಮ್ಮಾ, ಇಂಗೆ ನಿಂತ್ಕಂಡ್ರೆ ಎಂಗೆ? ಮೊದ್ಲು ಇರಿಯರಿಗೆ ಆಗ್ಲಿ" ಎಂದು ಒಬ್ಬಟ್ಟಿನಮ್ಮನವರನ್ನು ಮುಂದೆ ತಳ್ಳಿದರು. ಅವರ ತಲೆಗೆ ಪೇಟ ಬಂತು. ಫೋಟೋ ಆಯಿತು. "ನನಗೆ ಇದು ಭಾರ ಕಣಮ್ಮ" ಎಂದು ಅವರು ತೆಗೆದು ನನ್ನ ತಲೆಗಿಟ್ಟರು. ಫೋಟೋ. ನಾನು ಹಾವಕ್ಕನಿಗಿಟ್ಟೆ, ಅವರು ಫ್ಲೆಕ್ಸ್ ಅಕ್ಕನಿಗಿಟ್ಟರು. ಅಲ್ಲಿಗೆ ಬಂದದ್ದು ಮತ್ತೆ ಬೇರೆ ಕಡೆ ಹೋಗಲಿಲ್ಲ. ಶಾಲಿನ ವಿಷಯಕ್ಕೆ ಅಧ್ಯಕ್ಷರೇ ಒಂದು ಉಪಾಯ ಹುಡುಕಿದರು. ನಮ್ಮನ್ನು ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಿ, ಅಡ್ಡಕ್ಕೆ ಬಿಚ್ಚಿ ನಾಲ್ವರ ಮೇಲೂ ಒಟ್ಟಿಗೆ ಹೊದಿಸಲು ನೋಡಿದರು. ನಡುವಿನ ಇಬ್ಬರಿಗೆ ಬೆನ್ನು ಮುಚ್ಚಿತು. ಆ ತುದಿಯ ಹಾವಕ್ಕ ಮತ್ತು ಈ ತುದಿಯ ನಾನು ಅಂಚನ್ನು ಹಿಡಿದು ಜಗ್ಗುತ್ತ ನಿಂತೆವು, ಒಣಹಾಕಿದ ಬೆಡ್‌ಶೀಟ್ ಮಡಿಸುವವರ ಹಾಗೆ.

ಅದೇ ಹೊತ್ತಿಗೆ ವೇದಿಕೆಯ ಕಂಬಕ್ಕೆ ಕಟ್ಟಿದ್ದ ಬಾಳೆಕಂದಿನ ಬುಡದಿಂದ ಒಂದು ಹಾವು ಹೊರಗೆ ಬಂತು. ತೋಟದಿಂದ ಕಂದಿನ ಜೊತೆಯಲ್ಲೇ ಬಂದಿರಬೇಕು. ಉದ್ದಕ್ಕೆ, ಅವಸರವಿಲ್ಲದೆ, ಹಾರ್ಮೋನಿಯಂ ಕಡೆ ಹೊರಟಿತು. ನಾಡಗೀತೆ ಹಾಡಲು ಕೂತಿದ್ದವರು ಶ್ರುತಿ ಬಿಟ್ಟು ಎದ್ದರು. ಸಭೆಯಲ್ಲಿ ಯಾರೋ ನಮ್ಮ ಹೆಸರು ಹಿಡಿದು ಕೂಗಿದರು. ಯಾರನ್ನು ಕರೆದದ್ದು ಎಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನಾನು "ಅಯ್ಯೋ, ಹಾವು ಹಾವು" ಎನ್ನುತ್ತ ಕಾರ್ಯದರ್ಶಿಗಳ ಬೆನ್ನ ಹಿಂದೆ ಹೋದೆ. ಫ್ಲೆಕ್ಸ್ ಅಕ್ಕ ಪೇಟದ ಸಮೇತ ಅಲಂಕಾರದ ಕುರ್ಚಿಯ ಮೇಲೆ ಹತ್ತಿ ನಿಂತರು.

ಮೂರನೇ ಸಾಲಿನಿಂದ ಒಬ್ಬರು ನನ್ನ ಕಡೆ ಕೈತೋರಿಸಿ ಅರಚಿದರು. "ಮೇಡಂ, ಆ ದನಿ ನಂಗೆ ಗೊತ್ತು, ವಾಷಿಂಗ್ ಮೆಷಿನ್ ಮೇಡಂ ನೀವೇನೇ! ಏನಾದ್ರೂ ಮಾತಾಡಿ ಅದರ ಹತ್ರ!"

ನನ್ನ ಬಾಯಿಂದ ಹೊರಟದ್ದು "ಅಮ್ಮಾ" ಒಂದೇ.

ಹಾವಕ್ಕ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿ, "ಏ, ಕೇರೆ ಹಾವು ಕಣ್ರೀ, ವಿಷ ಇಲ್ಲ. ಯಾರೂ ಕೂಗಾಡ್ಬೇಡಿ, ಪಾಪ ಅದಕ್ಕೆ ಗಾಬರಿ" ಎಂದರು. ಹೋಗಿ ಸಲೀಸಾಗಿ ಹಿಡಿದೇಬಿಟ್ಟರು. ಆದರೆ ಸನ್ಮಾನಕ್ಕೆ ಬಂದವರು ಚೀಲ ಎಲ್ಲಿಂದ ತಂದಾರು? ಸುತ್ತ ನೋಡಿದರು. ಅವರ ಕಣ್ಣು ಸ್ಟೀಲ್ ಡಬ್ಬಿಯ ಮೇಲೆ ಬಿತ್ತು.

ಒಬ್ಬಟ್ಟಿನಮ್ಮ ಡಬ್ಬಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡರು. "ಬೇರೆ ಏನ್ ಬೇಕಾದ್ರೂ ಕೇಳಿ ತಾಯಿ. ಇದು ಕೊಡಲ್ಲ."

ಶಾಲು ನೆಲದ ಮೇಲೆ ಬಿದ್ದಿತ್ತು. ಹಾವಕ್ಕ ಅದರಲ್ಲೇ ಹಾವನ್ನು ಸುತ್ತಿ ಗಂಟು ಹಾಕಿದರು. ಆಗ ಬಂದ ಚಪ್ಪಾಳೆಗೆ ಯಾವ ಗೊಂದಲವೂ ಇರಲಿಲ್ಲ.

ಹಾವನ್ನು ಕೆರೆಯಾಚೆ ಬಿಟ್ಟು ಬರಬೇಕಿತ್ತು. ಹಾವಕ್ಕ ಸೀರೆಯ ದೆಸೆಯಿಂದ ಸ್ಕೂಟರ್ ಬಿಟ್ಟು ಆಟೋದಲ್ಲಿ ಬಂದಿದ್ದರು, ಗಂಟು ನೋಡಿದ ಯಾವ ಆಟೋದವರೂ ಒಪ್ಪಲಿಲ್ಲ. ಫ್ಲೆಕ್ಸ್ ಅಕ್ಕ ಕುರ್ಚಿಯಿಂದ ಇಳಿದು, "ನಂಗೇನ್ ಭಯ ಅಂತಲ್ಲ, ಸೀರೆ ಒಸದು ಅಂತ ಮ್ಯಾಲತ್ತಿದ್ದೆ" ಎಂದು ಎಲ್ಲರಿಗೂ ವಿವರಿಸಿ, "ನನ್ ಕಾರಲ್ಲೇ ಓಗಣ ನಡೀರಿ" ಎಂದರು. ಅವರ ಡ್ರೈವರು ಗಂಟನ್ನು ನೋಡಿದ, ಕೀಲಿಯನ್ನು ಅಕ್ಕನ ಕೈಗೆ ಕೊಟ್ಟ, ಟೀ ಕುಡಿಯಲು ಹೋದ. ವ್ಯಾನು ಓಡಿಸುವ ಹಾವಕ್ಕ ತಾವೇ ಸ್ಟಿಯರಿಂಗ್ ಹಿಡಿದರು. ಅಂದಮೇಲೆ ಗಂಟನ್ನು ಯಾರಾದರೂ ಹಿಡಿದುಕೊಳ್ಳಬೇಕು. ಫ್ಲೆಕ್ಸ್ ಅಕ್ಕ ಮುಂದಿನ ಸೀಟಿನಲ್ಲಿ ಕೂತು ದಾರಿಹೋಕರಿಗೆ ಕೈಮುಗಿಯುತ್ತಿದ್ದರು. ಒಬ್ಬಟ್ಟಿನಮ್ಮನವರ ಮಡಿಲಲ್ಲಿ ಡಬ್ಬಿ ಇತ್ತು. ಉಳಿದವಳು ನಾನು.

ಕನ್ನಡ ಸಂಘದ ಶಾಲು ಹೀಗೆ ಕೊನೆಗೂ ನನ್ನ ಮಡಿಲಿಗೆ ಬಂತು. ಒಳಗೆ ಅದು ಒಂದೊಂದು ಸಲ ಮಗ್ಗುಲು ಬದಲಿಸುತ್ತಿತ್ತು. ಹೇಳಿದರೆ ನಂಬುವುದಿಲ್ಲ, ಅದು ತಣ್ಣಗೂ ಇರಲಿಲ್ಲ, ಭಯಂಕರವಾಗಿಯೂ ಇರಲಿಲ್ಲ. ನಿದ್ದೆ ಬಾರದ ಮಗುವಿನ ತೂಕ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾನು ನನಗೇ ಗೊತ್ತಿಲ್ಲದೆ ಕಾಲು ಅಲ್ಲಾಡಿಸತೊಡಗಿದ್ದೆ.

"ಮೇಡಂ, ತೂಗ್ಬೇಡಿ ಅದನ್ನ" ಎಂದರು ಹಾವಕ್ಕ, ಕನ್ನಡಿಯಲ್ಲಿ ನೋಡಿ.

ಕೆರೆಯ ಆಚೆ ಜೊಂಡಿನ ಹತ್ತಿರ ಗಂಟು ಬಿಚ್ಚಿದರು. ಹಾವು ನಮ್ಮ ಕಡೆ ತಿರುಗಿಯೂ ನೋಡದೆ ಹೋಯಿತು. ಫ್ಲೆಕ್ಸ್ ಅಕ್ಕ ಫೋಟೋಗೆ ಸಿದ್ಧವಾಗುವಷ್ಟರಲ್ಲಿ ಜೊಂಡು ಮಾತ್ರ ಉಳಿದಿತ್ತು. ಅವರು ಜೊಂಡಿನ ಮುಂದೆಯೇ ಕೈಮುಗಿದು ನಿಂತು ಒಂದು ತೆಗೆಸಿಕೊಂಡರು.

ಭವನಕ್ಕೆ ವಾಪಸು ಬಂದರೆ ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದರು. ಸನ್ಮಾನಿತರು ನಾಲ್ವರೂ ಹಸಿದುಕೊಂಡು ನಿಂತೆವು. "ಇಲ್ಲೇ ನಮ್ಮನೆ, ಬನ್ನಿ" ಎಂದರು ಒಬ್ಬಟ್ಟಿನಮ್ಮ. ಹಳೇ ಊರಿನ ಗಲ್ಲಿಯಲ್ಲಿ ಕಾರು ಅರ್ಧಕ್ಕೇ ನಿಂತಿತು, ಮಿಕ್ಕದ್ದು ನಡೆದೆವು. ಎಲೆ ಹಾಕಿ ಅನ್ನ, ಒಬ್ಬಟ್ಟಿನ ಸಾರು ಬಡಿಸಿದರು. ಡಬ್ಬಿ ತೆರೆದರು.

ಹೊಟ್ಟೆ ಸ್ವಲ್ಪ ತುಂಬಿದ ಮೇಲೆ ಫ್ಲೆಕ್ಸ್ ಅಕ್ಕ ಕೇಳಿದರು. "ಅಲ್ಲಾ, ನಿಮ್ಗೆಲ್ಲಾ ಈ ಎಸ್ರು ಇಕ್ಕಿದ್ ಯಾರು? ನಂಗೆ ನಮ್ ಅಜ್ಜಿ ಇಕ್ಕಿದ್ದು. ಅವರ ಎಮ್ಮೆಗೂ ಅದೇ ಎಸ್ರಿತ್ತು, ಅದು ಬೇರೆ ವಿಸ್ಯ."

ಹಾವಕ್ಕನಿಗೆ ಅವರ ಅಪ್ಪ ಇಟ್ಟದ್ದಂತೆ, ತಮ್ಮ ಶಾಲೆಯ ಟೀಚರ ಮೇಲಿನ ಅಭಿಮಾನಕ್ಕೆ. ಆ ಅಭಿಮಾನದ ವಿಷಯ ಅಮ್ಮನಿಗೆ ಆಮೇಲೆ ತಿಳಿದು ಮನೆಯಲ್ಲಿ ರಂಪವಾಯಿತಂತೆ. ನನ್ನದು ಪಂಚಾಂಗದ ಪ್ರಕಾರ ಬಂದ ಅಕ್ಷರ, ಹೇಳುವಂಥದ್ದೇನೂ ಇಲ್ಲ. ಒಬ್ಬಟ್ಟಿನಮ್ಮ ಮಾತ್ರ ಸಾರಿನ ಸೌಟು ಹಿಡಿದು ಇನ್ನೊಂದು ಸುತ್ತು ಬಡಿಸತೊಡಗಿದರು.

"ನಿಮ್ಗೆ, ದೊಡ್ಡಮ್ಮ?" ಎಂದರು ಹಾವಕ್ಕ.

"ಇದು ನನ್ನ ಹೆಸರೇ ಅಲ್ಲ ಕಣಮ್ಮ" ಎಂದರು ಅವರು. "ತೌರಲ್ಲಿ ಇಟ್ಟಿದ್ದು ಬೇರೆ. ಮದುವೆ ಗೊತ್ತಾದಾಗ ನೋಡಿದ್ರೆ, ನಮ್ಮತ್ತೆಯವರ ಹೆಸರೂ ಅದೇ. ಒಂದು ಮನೇಲಿ ಒಂದೇ ಹೆಸರಿನೋರು ಇಬ್ರು ಇದ್ರೆ ಗೊಂದಲ ಆಗುತ್ತೆ ಅಂತ ನಂದನ್ನ ಬದಲಾಯಿಸಿದ್ರು. ಧಾರೆ ಆದ್ಮೇಲೆ ತಟ್ಟೇಲಿ ಅಕ್ಕಿ ಹರಡಿ, ನಮ್ಮೋರ ಕೈಲಿ ಉಂಗುರದಲ್ಲಿ ಈ ಹೆಸರು ಬರೆಸಿದ್ರು."

ಗೊಂದಲ ತಪ್ಪಿಸಲು! ಫ್ಲೆಕ್ಸ್ ಅಕ್ಕನಿಗೆ ನಗು ತಡೆಯದೆ ಸಾರು ನೆತ್ತಿಗೇರಿತು. ಹಾವಕ್ಕ ಅವರ ಬೆನ್ನು ತಟ್ಟಿದರು. ಕೆಮ್ಮು ನಿಂತ ಮೇಲೆ, "ಅಂಗಾದ್ರೆ ನೀವು ನಮ್ ಪಾರ್ಟಿನೇ ಅಲ್ಲ ಬಿಡಿ" ಎಂದರು ಅಕ್ಕ. "ಸರಿ, ಮೊದಲ್ನೇದು ಏನಿತ್ತು, ಅದಾದ್ರೂ ಏಳಿ."

ಒಬ್ಬಟ್ಟಿನಮ್ಮ ನಾಲಿಗೆ ಕಚ್ಚಿಕೊಂಡರು. "ಅತ್ತೆ ಹೆಸರು ಹೇಗಮ್ಮ ಬಾಯಲ್ಲಿ ಹೇಳೋದು?"

"ನಿಮ್ದೇ ಎಸ್ರಲ್ವಾ?"

"ನಂದೂ ಹೌದು. ಅವರದೂ ಹೌದು. ಅದಕ್ಕೇ ಹೇಳಕ್ಕಾಗಲ್ಲ."

ಒಳಗಿನ ಕೋಣೆಯ ಬಾಗಿಲು ಕಿರ್ರೆಂದಿತು. ಗೋಡೆ ಹಿಡಿದುಕೊಂಡು ಬಹಳ ವಯಸ್ಸಾದ ಪುಟ್ಟ ಅಜ್ಜಿಯೊಬ್ಬರು ಹೊರಗೆ ಬಂದರು. ಅತ್ತೆಯವರು ಇನ್ನೂ ಇದ್ದಾರೆಂಬುದು ನಮಗೆ ಆಗಲೇ ತಿಳಿದದ್ದು. ಅವರ ಕಿವಿ ಸಂಘದ ಅಧ್ಯಕ್ಷರ ಕಿವಿಗಿಂತ ಚೆನ್ನಾಗಿತ್ತು.

"ಯಾರದು ನನ್ನ ಹೆಸರು ಕೇಳ್ತಿರೋದು?" ಎಂದು ಹೇಳಿ, ಅದನ್ನು ತಾವೇ ಎರಡು ಸಲ ಜೋರಾಗಿ ಹೇಳಿದರು. ನಾವು ಕೂತಲ್ಲೇ ನಮಸ್ಕಾರ ಮಾಡಿದೆವು. "ದರಿದ್ರ ಹೆಸರು. ನಂಗೆ ಯಾವತ್ತೂ ಇಷ್ಟ ಇರಲಿಲ್ಲ. ಇವಳು ಈ ಮನೆಗೆ ಬಂದಾಗ ನಂದನ್ನೇ ಬದಲಾಯಿಸಲಿ ಅಂದುಕೊಂಡೆ. ಬಾಯಿಬಿಟ್ಟು ಹೇಳೋಕೆ ನನ್ನ ಯಾರು ಕೇಳಿದ್ರು? ಚೆನ್ನಾಗಿರೋದನ್ನ ಇವಳಿಗೆ ಇಟ್ರು."

ಸೊಸೆ ಕೈಯಲ್ಲಿ ಸೌಟು ಹಿಡಿದೇ ಅತ್ತೆಯ ಮುಖ ನೋಡಿದರು. "ಇಷ್ಟು ವರ್ಷ ಹೇಳಲೇ ಇಲ್ವಲ್ಲ, ಅತ್ತೆ?"

"ಇಷ್ಟು ವರ್ಷ ಇಷ್ಟೊಂದು ಜನ ಒಟ್ಟಿಗೆ ಬಂದು ಕೇಳಿರಲಿಲ್ಲ."

ಫ್ಲೆಕ್ಸ್ ಅಕ್ಕ ಕೈ ತೊಳೆದು ಬಂದರು. ಜನರ ಬೇಡಿಕೆಯನ್ನು ಈಡೇರಿಸುವ ಒಂದು ಅವಕಾಶ ಅವರಿಗೆ ಅಂತೂ ಸಿಕ್ಕಿತ್ತು. "ಅಜ್ಜೀ, ಈಗ್ಲೇ ಮಾಡಣ. ಅಕ್ಕಿ ಎಲ್ಲಿ?" ಎಂದರು. ಒಬ್ಬಟ್ಟಿನಮ್ಮ ನಗಬೇಕೋ ಬೇಡವೋ ಎಂದು ತಿಳಿಯದೆ ಸ್ಟೀಲ್ ತಟ್ಟೆಯಲ್ಲಿ ಅಕ್ಕಿ ತಂದಿಟ್ಟರು. ಅಕ್ಕ ಬೆರಳಿನಿಂದ ದಪ್ಪ ಉಂಗುರ ಬಿಚ್ಚಿ, ಅಜ್ಜಿಯ ಮುಂದೆ ಮಂಡಿಯೂರಿ ಕೂತು, ನಮ್ಮ ಹೆಸರನ್ನು ಅಕ್ಕಿಯ ಮೇಲೆ ಬರೆದರು. ಹಾವಕ್ಕ ಮಂತ್ರದ ಬದಲು ಕೈಚಪ್ಪಾಳೆ ಹೊಡೆದರು. ಅಜ್ಜಿ ತಟ್ಟೆಯನ್ನು ಕಣ್ಣಿನ ಹತ್ತಿರ ಎತ್ತಿ ಹಿಡಿದು ನೋಡಿ, "ಒತ್ತಕ್ಷರ ಬಿಟ್ಟಿದೀಯಲ್ಲೇ" ಎಂದು ತಾವೇ ಬೆರಳಲ್ಲಿ ತಿದ್ದಿದರು. ಆಮೇಲೆ ಆ ಹೆಸರನ್ನು ಬಾಯಲ್ಲಿ ಹೇಳಿ ನೋಡಿದರು, ಹೊಸ ಹಲ್ಲು ಸೆಟ್ಟು ಹಾಕಿಕೊಂಡವರ ಹಾಗೆ ಮೆಲ್ಲಗೆ.

"ನಾಮಕರಣ ಅಂದ್ಮೇಲೆ ಸಿಹಿ ಬೇಡ್ವಾ?" ಎಂದು ಡಬ್ಬಿಯ ಕಡೆ ಕೈ ಚಾಚಿದರು.

ಸೊಸೆ ಡಬ್ಬಿ ಹಿಂದಕ್ಕೆ ಎಳೆದುಕೊಂಡರು. "ಅತ್ತೆ, ನಿಮಗೆ ಶುಗರ್ ಇದೆ."

"ಶುಗರ್ ಇದ್ದಿದ್ದು ಹಳೇ ಹೆಸರಿನೋಳಿಗೆ" ಎಂದರು ಅಜ್ಜಿ.

ಒಬ್ಬಟ್ಟಿನಮ್ಮ ನಮ್ಮ ಮೂವರ ಮುಖವನ್ನೂ ನೋಡಿದರು. ನಾವು ಮೂವರೂ ಎಲೆ ನೋಡಿಕೊಂಡೆವು. ಅವರು ಒಂದು ಒಬ್ಬಟ್ಟನ್ನು ಮುರಿದು, ಅರ್ಧಕ್ಕಿಂತ ಚಿಕ್ಕ ಚೂರಿಗೆ ಒಂದು ತೊಟ್ಟು ತುಪ್ಪ ಬಿಟ್ಟು ಅಜ್ಜಿಯ ಕೈಗಿಟ್ಟರು. ಅಜ್ಜಿ ಗೋಡೆಗೊರಗಿ ಕೂತು, ಕಣ್ಣು ಮುಚ್ಚಿಕೊಂಡು ತಿಂದರು.